ನಲವತ್ತು-ಐವತ್ತರ ನಡುವಿನ ನಡುಕ

ನಮ್ಮ ಪಡಸಾಲೆಯ ಫ್ಯಾನಿಗೆ ಒಂದು ಚಟವಿದೆ. ಎರಡರಲ್ಲಿಟ್ಟರೆ ಸುಮ್ಮನಿರುತ್ತದೆ, ನಾಲ್ಕರಲ್ಲಿಟ್ಟರೂ ಸುಮ್ಮನಿರುತ್ತದೆ. ಮೂರಕ್ಕೆ ತಿರುಗಿಸಿದರೆ ಮಾತ್ರ ಮೈಮೇಲೆ ದೇವರು ಬಂದವರ ಹಾಗೆ ನಡುಗುತ್ತದೆ. ಕಳೆದ ವಾರ ಅದರ ಕೆಳಗೆ ಅಂಗಾತ ಮಲಗಿ, ಬಿದ್ದರೆ ನನ್ನ ಮೇಲೆ ಬೀಳುತ್ತದೋ ನಮ್ಮವಳ ಮೇಲೋ ಎಂದು ಯೋಚಿಸುತ್ತಿದ್ದಾಗ ಕುಂದಗೋಳದ ಮೌಲಾಸಾಬರು ನೆನಪಾದರು. ಗಾಡಿ ರಿಪೇರಿಯವರು. ನೀವು ಅವರನ್ನು ನೋಡಿಲ್ಲ, ಅದು ನಿಮ್ಮ ನಷ್ಟ.

ಅದು ಎಂಬತ್ತರ ದಶಕ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕುಬಿಹಾಳದಲ್ಲಿ ನಮ್ಮಪ್ಪನ ತಮ್ಮ, ಅಂದರೆ ಕಾಕಾನ ಮನೆಯಲ್ಲಿ ನನ್ನ ಊಟ-ವಸತಿ. ಕಾಕಾ ಆ ವರ್ಷ ಮೂರು ಕೈ ದಾಟಿ ಬಂದ ಒಂದು ಹಳೆಯ ಪಿಕಪ್ ಗಾಡಿ ಕೊಂಡಿದ್ದ. ಹೋಗುವಾಗ ಹುಬ್ಬಳ್ಳಿಗೆ ಮೆಣಸಿನಕಾಯಿ ಚೀಲ, ಬರುವಾಗ ಸಿಕ್ಕಷ್ಟು ಜನ. ಓಡಿಸುವವನು ಗುರುಶಿದ್ದ. ವರ್ಷಗಟ್ಟಲೆ ಲಾರಿಯಲ್ಲಿ ಕ್ಲೀನರ್ ಆಗಿ ದುಡಿದು ಸ್ಟೀರಿಂಗ್ ಹಿಡಿದವನು. ಗಾಡಿಯನ್ನು ಒರೆಸಿದಷ್ಟು ತನ್ನ ಮುಖವನ್ನು ಒರೆಸಿಕೊಂಡವನಲ್ಲ.

ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ನಡುಕ ಶುರುವಾಯಿತು. ವೇಗದ ಮುಳ್ಳು ನಲವತ್ತಕ್ಕೆ ಬಂತೆಂದರೆ ಹಿಂದಿನ ಹಲಗೆಗಳು ಗಡಗಡ ಅನ್ನುತ್ತಿದ್ದವು. ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡವರಿಗೆ ಅಗಿಯುವ ಶ್ರಮವೇ ಇರಲಿಲ್ಲ. ಐವತ್ತು ದಾಟಿದರೆ ಮತ್ತೆ ಶಾಂತ. ಗುರುಶಿದ್ದ ಒಂದು ಉಪಾಯ ಕಂಡುಕೊಂಡ: ನಲವತ್ತಕ್ಕೆ ಬಂದ ಕೂಡಲೇ ಕಾಲೊತ್ತಿ ಐವತ್ತು ದಾಟಿಸಿಬಿಡುವುದು. ಕಾಕಾನಿಗೆ ಅದು ಬೇರೆಯೇ ಆಗಿ ಕಂಡಿತು.

"ಹಿಂಗ ಹುಚ್ಚರಂಗ ಓಡಿಸೇ ಗಾಡಿ ಹಾಳ ಮಾಡೀಯಲೇ."

"ನಡಗತೈತಿ ಅಂತ ಓಡಸ್ತೇನ್ರಿ ಕಾಕಾರ. ಓಡಿಸಿದ್ದಕ್ಕ ನಡಗೂದಲ್ಲರಿ."

ಕಾಕಾ ನಂಬಲಿಲ್ಲ. ಹುಬ್ಬಳ್ಳಿಯಲ್ಲಿ ಮುಂದಿನ ಟೈರು ಬದಲಾಯಿಸಿದರು, ನಟ್ಟು ಬಿಗಿದರು. ನಡುಕ ಜಪ್ಪಯ್ಯ ಅಂದರೂ ಹೋಗಲಿಲ್ಲ. ಕೊನೆಗೆ ಕಾಕಾ ತೀರ್ಪು ಕೊಟ್ಟ: "ನಾಳಿ ಮೌಲಾಸಾಬನ ಕಡೆ ಹೋಗೂಣು. ನಿನ್ನ ತಪ್ಪು ಅಂತ ಆತಂದ್ರ, ನಾಡಿದ್ದಿಂದ ನೀ ಈ ಗಾಡಿ ಹತ್ತಬ್ಯಾಡ." ಗುರುಶಿದ್ದನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ವಿಜ್ಞಾನ ಬಲ್ಲವನೊಬ್ಬ ಜೊತೆಗಿರಲಿ ಎಂದು ನಾನೂ ಹೊರಟೆ.

ಮೌಲಾಸಾಬರು ನಟ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ಬಾನೆಟ್ ಎತ್ತಲಿಲ್ಲ. ಗುರುಶಿದ್ದನ ಎದುರಿಗೆ ನಿಂತು ಕೇಳಿದ್ದು ಒಂದೇ ಮಾತು: "ನಡುಕ ಕೈಗೆ ಬರತೈತೋ, ಕುಂಡಿಗೆ ಬರತೈತೋ?"

ನಾನು ಕಂಪನದ ಬಗ್ಗೆ ಏನೋ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಗುರುಶಿದ್ದ ಹೇಳಿಬಿಟ್ಟ: "ಕುಂಡಿಗೆರಿ."

"ಹಂಗಾರ ಮುಂದಿನ ಗಾಲಿ ಪಾಪ ಏನೂ ಮಾಡಿಲ್ಲ ಬಿಡು."

ಆಮೇಲೆ ಮೌಲಾಸಾಬರು ಚಪ್ಪಲಿ ಬಿಚ್ಚಿ, ಓಡಿಸುವ ಗುರುಶಿದ್ದನ ಪಕ್ಕ ಗಾಡಿ ಹತ್ತಿದರು. ಬರಿಗಾಲನ್ನು ತಳದ ತಗಡಿಗೆ ಊರಿ ಕಣ್ಣು ಮುಚ್ಚಿ ಕೂತರು. ನಲವತ್ತೈದಕ್ಕೆ ನಡುಕ ಬಂತು. "ಗೇರ್ ತಗಿ, ಹಂಗ ಬಿಡು," ಅಂದರು. ಇಂಜಿನ್ನಿನ ಸದ್ದು ತಗ್ಗಿತು, ನಡುಕ ತಗ್ಗಲಿಲ್ಲ. "ಇಂಜಿನ್ನಂದಲ್ಲ." ಒಂದು ಫರ್ಲಾಂಗು ಅಂಗಾಲಿನಿಂದಲೇ ತಗಡನ್ನು ಒತ್ತಿ ನೋಡಿದರು. "ಗಾಲಿದಾದ್ರ ಎತ್ತಿ ಕುಕ್ಕತಿತ್ತು. ಇದು ಗುಂಯ್ ಅಂತೈತಿ. ಗಾಲಿಕಿಂತ ಜೋರ ತಿರಗೂದು ಯಾವುದೋ ಐತಿ, ಅದರ ಒಂದ ಬಾಜು ವಜ್ಜಿ ಆಗೇತಿ, ಭಾರ ಹೆಚ್ಚಾಗೇತಿ." ಇಂಥ ವಿದ್ಯೆಯನ್ನು ನಾನು ಯಾವ ಪ್ರಯೋಗಶಾಲೆಯಲ್ಲೂ ಕಂಡಿರಲಿಲ್ಲ. ಮೆಚ್ಚುತ್ತಲೇ ಇದ್ದೆ, ಅಷ್ಟರಲ್ಲಿ ನಾನೇ ಗುಟ್ಟಾಗಿ ಮಾಡಿದ ಒಂದು ಕೆಲಸ ನೆನಪಾಯಿತು.

ನಿಮ್ಮ ಹತ್ತಿರ ಮುಚ್ಚಿಡುವುದೇನು. ಗಾಡಿ ಮೊದಲಿನ ಮಾಲೀಕನ ಕೈಯಲ್ಲಿದ್ದಾಗ ಒಮ್ಮೆ ಪಲ್ಟಿಯಾಗಿತ್ತು ಎಂದು ಯಾರೋ ಹೇಳಿದ್ದರು. ನಮ್ಮ ಮನೆಯಲ್ಲಿ ಬಂಡಿಯ ಅಚ್ಚಿಗೆ ದೃಷ್ಟಿಯಾಗಬಾರದೆಂದು ಎತ್ತಿನ ಹಳೆಯ ಲಾಳ ಕಟ್ಟುವುದುಂಟು. ತರಗತಿಯಲ್ಲಿ ತಾಯತ ಕಟ್ಟಿಕೊಂಡ ಹುಡುಗರನ್ನು ಗೇಲಿ ಮಾಡುತ್ತಿದ್ದ ನಾನು, ಒಂದು ಭಾನುವಾರ ಯಾರೂ ಇಲ್ಲದಾಗ ಗಾಡಿಯ ಕೆಳಗೆ ತೂರಿ, ನಟ್ಟನಡುವೆ ಕಂಡ ಉದ್ದನೆಯ ಕಬ್ಬಿಣವೇ ಅಚ್ಚು ಎಂದುಕೊಂಡು ಅದಕ್ಕೆ ಎರಡು ಲಾಳ ತಂತಿಯಿಂದ ಬಿಗಿದಿದ್ದೆ. ತಂತಿ ಸಾಲದೆಂದು ಉತ್ತರಪತ್ರಿಕೆ ಕಟ್ಟುವ ದಾರವನ್ನೂ ಸುತ್ತಿದ್ದೆ. ಬಂಡಿಯ ಅಚ್ಚು ತಿರುಗುವುದಿಲ್ಲ. ಇದು ಇಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಶಾಫ್ಟು, ಗರಗರ ತಿರುಗುವಂಥದ್ದು. ನಡುಕ ಶುರುವಾದದ್ದು ಮರುವಾರವೇ. ಎರಡನ್ನೂ ಕೂಡಿಸಿ ನೋಡುವ ಧೈರ್ಯ ನನಗಿರಲಿಲ್ಲ ಅನ್ನಿ.

ಮೌಲಾಸಾಬರು ಗಾಡಿಯನ್ನು ಗ್ಯಾರೇಜಿನ ನೆಲದಲ್ಲಿ ತೋಡಿದ ಕುಣಿಯ ಮೇಲೆ ನಿಲ್ಲಿಸಿ ಗುರುಶಿದ್ದನ ಜೊತೆ ಕೆಳಗಿಳಿದರು. ನಾನೂ ಕಾಕಾನೂ ರಸ್ತೆಯಾಚೆ ಚಹಾ ಕುಡಿದೆವು. ನನಗೆ ಚಹಾ ರುಚಿಸಲಿಲ್ಲ. ಮೌಲಾಸಾಬರು ಮೇಲೆ ಬಂದಾಗ ಅವರ ಅಂಗೈಯಲ್ಲಿ ಎರಿಮಣ್ಣು, ಗ್ರೀಸು ಮೆತ್ತಿದ ಲಾಳದ ಗಂಟು.

"ಅಚ್ಚು ಅಂತ ತಿಳದು ಯಾರೋ ಪ್ರೀತಿಲೆ ಕಟ್ಟ್ಯಾರ್ರಿ," ಅಂದರು.

"ಯಾರೋ ಯಾಕ? ಇಂವಂದ ಕೆಲಸ," ಎಂದು ಕಾಕಾ ಗುರುಶಿದ್ದನತ್ತ ತಿರುಗಿದ. "ಮುಗೀತಿನ್ನ. ಕೀಲಿ ಕೊಡಲೇ."

ಗುರುಶಿದ್ದ ತಲೆ ತಗ್ಗಿಸಿ ನಿಂತಿದ್ದ. ಇಲ್ಲ ಅನ್ನಲೂ ಇಲ್ಲ. ಮೌಲಾಸಾಬರು ಯಾರನ್ನೂ ನೋಡದೆ ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದರು, ಅಗದಿ ಸಾವಕಾಶ. ಗುರುಶಿದ್ದ ಕಿಸೆಗೆ ಕೈಹಾಕಿ ಕೀಲಿ ತೆಗೆದ.

"ನಾನ ಕಟ್ಟೇನಿ ಕಾಕಾ," ಅಂದೆ.

ಕಾಕಾ ನನ್ನತ್ತ ತಿರುಗಿದ. "ಮಾಸ್ತರಾಗಿ?" ಅಂದ. ಅಷ್ಟೇ. ನಂತರ ಗುರುಶಿದ್ದನಿಗೆ, "ಕೀಲಿ ನನಗ್ಯಾಕೋ, ಗಾಡಿ ಚಾಲೂ ಮಾಡು," ಅಂದ. ಕಾಕಾನ ಕ್ಷಮಾಪಣೆ ಇರುತ್ತಿದ್ದದ್ದೇ ಹಾಗೆ. ಮೌಲಾಸಾಬರು ಲಾಳಗಳನ್ನು ಎಸೆಯಲಿಲ್ಲ. ಮತ್ತೆ ಕುಣಿಗಿಳಿದು, ಹಿಂದಿನ ಎರಡು ಗಾಲಿಗಳ ನಡುವೆ ತಿರುಗದೆ ಕೂತಿರುವ ದಪ್ಪ ಕಬ್ಬಿಣಕ್ಕೆ ಅವನ್ನು ಬಿಗಿದರು. "ಅಚ್ಚು ಇದರಿ ಮಾಸ್ತರ್ರ," ಅಂದರು. ಒಂದು ಚೂರೂ ನಗಲಿಲ್ಲ. ಊರು ಮುಟ್ಟುವವರೆಗೆ ಗುರುಶಿದ್ದ ಬೇಕಂತಲೇ ನಲವತ್ತೈದರಲ್ಲಿ ಓಡಿಸಿದ. ಕಾಕಾ ನಿದ್ದೆ ಹೋದ.

ಈ ಕಥೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ನನ್ನ ಪ್ರಾಮಾಣಿಕತೆಯ ಕಥೆ ಎಂದೇ. ಮೌಲಾಸಾಬರು ಈಗಿಲ್ಲ, ಕಾಕಾನೂ ಇಲ್ಲ. ಮೊನ್ನೆ ತಡೆಯಲಾರದೆ ಬಸ್ಸು ಹತ್ತಿ ಗುರುಶಿದ್ದನನ್ನು ನೋಡಲು ಹೋದೆ. ಮೊಣಕಾಲು ನೋವು ಹಿಡಿದು ಮನೆಯಲ್ಲೇ ಇದ್ದಾನೆ. ಲಾಳದ ಮಾತು ಬಂತು.

"ಕುಣ್ಯಾಗ ಆ ದಾರಾ ನೋಡಿದ ಕೂಡ್ಲೆ ಇಬ್ಬರಿಗೂ ಗೊತ್ತಾತ್ರಿ," ಅಂದ. "ಪೇಪರ್ ಕಟ್ಟೂ ದಾರಾ ಕಾಕಾರ ಮನ್ಯಾಗ ಮತ್ಯಾರ ಕಡೆ ಇತ್ತು? ನಾ ಹೇಳಿಬಿಡ್ತೇನಿ ಅಂದ್ನಿ. ಮೌಲಾಸಾಬ್ರ ತಡದ್ರು. 'ಸುಮ್ಮನಿರು, ಮಾಸ್ತರ್ರ ತಾವ ಹೇಳ್ತಾರ' ಅಂದ್ರು."

ನನಗೆ ಹಿಗ್ಗಾಯಿತು. "ನೋಡು, ನನ್ನ ಮ್ಯಾಲೆ ಅವರಿಗೆ ಎಷ್ಟು ನಂಬಿಕಿ ಇತ್ತು," ಅಂದೆ.

"ಇತ್ತ ತಗೋರಿ," ಅಂದ ಗುರುಶಿದ್ದ. "'ಹೇಳಲಿಲ್ಲಂದ್ರ ನಾಳಿಂದ ನನ್ನ ಗ್ಯಾರೇಜಿಗೆ ಕೆಲಸಕ್ಕ ಬಾ' ಅಂತನೂ ಅಂದಿದ್ರು."

ತಿರುಗಿ ಬರುವಾಗ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ನಾಚಿಕೆಯಾಯಿತು, ಬೇಜಾರಾಗಲಿಲ್ಲ. ಒಬ್ಬ ಡ್ರೈವರನ ಅನ್ನವನ್ನು ಒಬ್ಬ ಮಾಸ್ತರನ ಧೈರ್ಯದ ಮೇಲಷ್ಟೇ ಬಿಟ್ಟು ಕೂರುವ ಮನುಷ್ಯ ಮೌಲಾಸಾಬರಾಗಿರಲಿಲ್ಲ.