ಮೇಜುವಸ್ತ್ರದ ಮೂಲೆಯ ಅಕ್ಷರ

ಕಾನ್ವೆಂಟಿನ ಕೊನೆಯ ವರ್ಷ ನಾನೊಂದು ಮೇಜುವಸ್ತ್ರ ಹೊಲಿದಿದ್ದೆ. ಬಿಳಿ ಬಟ್ಟೆ, ಸುತ್ತ ನೀಲಿ ಹೂವಿನ ಬಳ್ಳಿ, ಒಂದು ಮೂಲೆಯಲ್ಲಿ ನನ್ನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ತಿರುವಿ ಹಾಕಿ ಹಿಂಬದಿ ನೋಡುತ್ತಿದ್ದರು. ಅಲ್ಲೊಂದು ಗಂಟು ಕಂಡರೆ ಬೈಯುತ್ತಿರಲಿಲ್ಲ, ಕತ್ತರಿಯನ್ನು ನನ್ನ ಮುಂದಿಟ್ಟು ಹೋಗುತ್ತಿದ್ದರು. ಆರು ತಿಂಗಳು ಹಿಡಿಯಿತು. ಅಕ್ಷರವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿಸಿದರು.

ಮದುವೆಯಾಗಿ ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮನೆಗೆ ಬಂದಾಗ ಅದು ನನ್ನ ಟ್ರಂಕಿನಲ್ಲಿ ಬಂತು. ನಮ್ಮ ಓಣಿಯಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಕೈಕೆಲಸ ಇಡುವ ಪದ್ಧತಿಯಿತ್ತು. ಮಣಿಯ ತೋರಣವೋ, ಕಸೂತಿಯ ಕುಪ್ಪಸವೋ ಏನಾದರೊಂದು ಇರಲೇಬೇಕು. ನಾನು ಬಂದು ವರ್ಷ ತುಂಬುವುದರೊಳಗೆ ಎದುರುಮನೆಯಾಕೆ ಬಾಗಿಲಲ್ಲಿ ನಿಂತಳು.

“ಯವ್ವಾ, ನಿನ್ನ ಆ ನೀಲಿ ಹೂವಿಂದು ಅರ್ಧಾ ದಿನಾ ಕೊಡು. ನಮ್ಮ ಹುಡುಗೀನ್ನ ನೋಡಾಕ ಬರಾಕತ್ತಾರ.”

“ನಾನು ಹಾಕಿದ್ದಲ್ಲೇನ್ರಿ ಅದು?”

“ಯಾರು ಇಲ್ಲಂದಾರ? ನೋಡಿದ್ರ ಏನ್ ಸವದು ಹೋಗ್ತೈತೇನು?”

ಸವೆಯಲಿಲ್ಲ, ನಾರಿತು. ಎರಡು ವರ್ಷಗಳಲ್ಲಿ ಐದು ಮನೆ ತಿರುಗಿತು. ಒಂದು ಸಲ ತುಪ್ಪದ ಕಲೆ, ಇನ್ನೊಂದು ಸಲ ಯಾರೋ ಕೂಸಿನ ಮೂಗು ಒರೆಸಿದ ಗುರುತು. ಒಮ್ಮೆಯಂತೂ ಮಡಿಕೆ ಬಿಚ್ಚಿದರೆ ಅಗಿದು ಬಿಟ್ಟ ಅಡಿಕೆಯ ಚೂರು ಅಂಟಿಕೊಂಡಿತ್ತು. ಅಂಟುವಾಳದ ನೊರೆಯಲ್ಲಿ ನೆನೆಸಿ, ಮುಖ ಆಚೆ ತಿರುಗಿಸಿಕೊಂಡು ಹಿಂಡುತ್ತಿದ್ದೆ. ಕಲೆ ಹೋಗುತ್ತಿತ್ತು, ಕೊಬ್ಬರಿ ಎಣ್ಣೆಯ ಕಮಟು ಹೋಗುತ್ತಿರಲಿಲ್ಲ. ಅಕ್ಷರವಿದ್ದ ಮೂಲೆಗೆ ಮಾತ್ರ ಯಾವಾಗಲೂ ಒಂದೇ ಗೆರೆ ಬಿದ್ದಿರುತ್ತಿತ್ತು. ಐದು ಮನೆಯವರೂ ಅದನ್ನು ಒಳಗೆ ಮಡಚಿಯೇ ತೋರಿಸಿದ್ದರು.

ಆದರೂ ಕೊಡುತ್ತಿದ್ದೆ. ಕಾನ್ವೆಂಟಿನಾಕೆಗೆ ಜಂಬ ಎಂದಾರೆಂಬ ಹೆದರಿಕೆ.

ಆಮೇಲೆ ನಮ್ಮ ಮನೆಯ ಸರದಿ ಬಂತು. ನಾದಿನಿಗೆ ಹದಿನೇಳು. ಧಾರವಾಡದ ಕಡೆಯ ಹೊಲಮನೆಯುಳ್ಳ ಕುಟುಂಬ, ಹುಡುಗ ಕಾಲೇಜು ಓದಿದವನು. ಇಂಥ ಸಂಬಂಧ ತಪ್ಪಿದರೆ ಮತ್ತೆ ಸಿಗಲಿಕ್ಕಿಲ್ಲವೆಂದು ಮನೆಯಲ್ಲಿ ಎಲ್ಲರೂ ಪಿಸುಗುಟ್ಟಿ ನಡೆಯುತ್ತಿದ್ದರು. ನಾದಿನಿಗೆ ಸಣ್ಣ ಸೂಜಿಯ ಕೆಲಸ ಬರುತ್ತಿರಲಿಲ್ಲ. ಅವಳು ಹೊಲಿಯುತ್ತಿದ್ದುದು ಕೌದಿ. ಹಳೆಯ ಸೀರೆ, ಧೋತರಗಳ ತುಂಡು ಪದರ ಪದರವಾಗಿ ಹಾಕಿ, ದಬ್ಬಣದಂಥ ಸೂಜಿಯಿಂದ ಸಾಲು ಎಳೆಯುವಳು. ಸಾಲು ಒಂದೂ ನೆಟ್ಟಗಿರುತ್ತಿರಲಿಲ್ಲ, ಆದರೆ ಅವಳ ಕೌದಿ ಹೊದ್ದರೆ ಎಂಥ ಚಳಿಯೂ ತಾಗುತ್ತಿರಲಿಲ್ಲ.

“ಕೌದಿ ತೋರಿಸಿದ್ರ ನಕ್ಕು ಹೋದಾರು,” ಎಂದರು ಅತ್ತೆ. ಲಿಂಗಪೂಜೆ ಮುಗಿಸಿ ಆಗತಾನೇ ಎದ್ದಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. “ನಿನ್ನ ಬಟ್ಟೀನ ಇಡೂಣು. ಆದರ ಹುಡುಗ ಇಂಗ್ಲಿಷ್ ಬಲ್ಲ. ಆ ಅಕ್ಷರಾ ಬಿಚ್ಚಿ ಇಕೀದು ಹಾಕು.”

“ಸುಳ್ಳಾಕ್ಕೈತ್ರಿ ಅತ್ತೀ.”

“ಐದು ಮನಿ ಹುಡುಗ್ಯಾರಿಗೆ ಕೊಟ್ಟಾಗ ಆಗಲಿಲ್ಲ, ಮನೀ ಮಗಳಿಗೆ ಸುಳ್ಳಾತ?”

ಅತ್ತೆ ದನಿ ತಗ್ಗಿಸಿ ಹತ್ತಿರ ಬಂದರು. “ಅವರು ಕೇಳಿದ್ರ ನೀನ ಹೇಳು. ನೀ ಸುಳ್ಳ ಹೇಳಾಕಿ ಅಲ್ಲ ಅಂತ ಓಣಿಗೆಲ್ಲಾ ಗೊತ್ತೈತಿ. ನೀ ಹೇಳಿದ್ರ ನಂಬತಾರ.”

ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದಂತೆ ನನ್ನ ಸತ್ಯವನ್ನು ನೋಡಿ ಬೆಲೆ ಕಟ್ಟಿದ್ದರು.

ಎರಡು ಮಧ್ಯಾಹ್ನ ಬೆಳಕಿಂಡಿಯ ಕೆಳಗೆ ಕುಳಿತು ನನ್ನ ಅಕ್ಷರವನ್ನು ಬಿಚ್ಚಿದೆ. ದಾರ ಬಂತು, ತೂತುಗಳು ಉಳಿದವು. ಯುದ್ಧದ ದಿನಗಳು, ಅದೇ ನೀಲಿಯ ದಾರ ಪೇಟೆಯಲ್ಲಿ ಸಿಗಲಿಲ್ಲ. ಸ್ವಲ್ಪ ಕಪ್ಪಾದ ನೀಲಿಯಲ್ಲಿ ನಾದಿನಿಯ ಅಕ್ಷರ ಹಾಕಿದೆ. ಅವಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

“ವೈನಿ, ನನ್ನ ಕೇಳಿದ್ರ ನಾ ಏನ್ ಹೇಳ್ಲಿ?”

“ನೀ ಸುಮ್ಮನಿರು. ನಾ ಹೇಳ್ತೇನಿ.”

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಎದ್ದು ಹೋದಳು.

ಗಂಡಿನ ಕಡೆಯವರು ಮಂಗಳವಾರ ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಬೀಗರಾಗುವವರಿಗೆ ನೆಲ ಒತ್ತಬಾರದೆಂದು ಅತ್ತೆಯೇ ಅದರ ಕೆಳಗೆ ನಾದಿನಿಯ ದೊಡ್ಡ ಕೌದಿಯನ್ನು ಹಾಸಿಸಿದ್ದರು, ಅಂಚು ಕಾಣದಂತೆ. ಹುಡುಗನ ತಾಯಿಯ ದವಡೆಯಲ್ಲಿ ಎಲೆ ತಂಬಾಕು. ಕೆಂಪು ಹತ್ತಿದ ಬೆರಳುಗಳಿಂದಲೇ ಮೇಜುವಸ್ತ್ರ ಎತ್ತಿಕೊಂಡರು. ಆಮೇಲೆ, ಸಿಸ್ಟರ್ ಮಾಡುತ್ತಿದ್ದಂತೆಯೇ, ತಿರುವಿ ಹಾಕಿದರು. ಅಕ್ಷರದ ಸುತ್ತಲಿನ ತೂತುಗಳ ಮೇಲೆ ಉಗುರು ಆಡಿಸಿ ನನ್ನತ್ತ ನೋಡಿದರು.

“ಹುಡುಗೀ ಕೈದ ಏನ್ರಿ ಇದು? ನೀವ ಹೇಳ್ರಿ. ಕಾನ್ವೆಂಟಿನ್ಯಾಗ ಕಲ್ತಾರು ಸುಳ್ಳ ಹೇಳೂದಿಲ್ಲಂತ.”

“ಹೌದ್ರಿ,” ಎಂದೆ.

ತಡವರಿಸಲೂ ಇಲ್ಲ. ಅಷ್ಟು ನಯವಾಗಿ ಬಂತು ಅದು. ಬಾಯಲ್ಲಿ ಏನೋ ಹಳಸಿದ್ದನ್ನು ಇಟ್ಟುಕೊಂಡು ನಗುತ್ತಿರುವಂತೆ ಅನಿಸಿತು.

“ಅಲ್ರೀ,” ಎಂದಳು ನಾದಿನಿ. ತಲೆ ಬಗ್ಗಿಸಿಯೇ ಇದ್ದಳು, ದನಿ ಮಾತ್ರ ಸ್ಪಷ್ಟವಿತ್ತು. “ಅದು ನಮ್ಮ ವೈನೀದು. ನಾ ಮಾಡಿದ್ದರ ಮ್ಯಾಲ ನೀವು ಕುಂತೀರಿ.” ಮುಂದೆ ಬಂದು ಜಮಖಾನೆಯ ಮೂಲೆ ಎತ್ತಿ ಕೌದಿ ತೋರಿಸಿದಳು.

ಹುಡುಗನ ತಂದೆ ಅಂಗೈಯಿಂದ ನೆಲ ಒತ್ತಿ ನೋಡಿದರು. “ಅದಕ್ಕ ಇಷ್ಟು ಮೆತ್ತಗೈತಿ ನೋಡು! ನಾ ಗಾದಿ ಅಂತ ತಿಳಿದಿದ್ದೆ.”

ಅವರೊಬ್ಬರೇ ನಕ್ಕರು. ತಾಯಿ ಬಟ್ಟೆಯನ್ನು ಮಡಚಿ, ಅಕ್ಷರವನ್ನು ಮೇಲೆ ಮಾಡಿ, ನನ್ನ ಮಡಿಲಲ್ಲಿಟ್ಟರು.

ವಾರದ ಮೇಲೆ ನಡುವಿನವರಿಂದ ಸುದ್ದಿ ಬಂತು: ಹುಡುಗಿಗೆ ಬಾಯಿ ಜೋರಂತೆ, ಬೇಡವಂತೆ. ಅತ್ತೆ ಮಗಳನ್ನು ಬೈದು ಸುಸ್ತಾಗಿ ನನ್ನ ಕಡೆ ತಿರುಗಿದರು.

“ನೀನರ ಇನ್ನೊಂಚೂರು ಗಟ್ಟಿಯಾಗಿ ಹೇಳಬಾರದಾಗಿತ್ತ?”

ಆ ಮನೆಯಲ್ಲಿ ನನ್ನ ಮೇಲೆ ಬಂದ ದೂರು ಅದೊಂದೇ. ಸುಳ್ಳು ಹೇಳಿದೆನೆಂದು ಯಾರೂ ಅನ್ನಲಿಲ್ಲ. ನನ್ನವರು ಕೂಡ ಊಟಕ್ಕೆ ಕೂತು, “ಆದದ್ದಾತು ಬಿಡು, ನೀ ನಿನ್ನ ಕೆಲಸಾ ಛಲೋ ಮಾಡಿದಿ” ಎಂದರು.

ಆ ದೀಪಾವಳಿ ಕಳೆದ ಮೇಲೆ ಹಿತ್ತಲ ಕಡೆಯ ಮನೆಯಾಕೆ ಬಂದು ಬಟ್ಟೆ ಕೇಳಿದಳು. “ಕೊಡೂದಿಲ್ರಿ. ಅದು ನಾನು ಹಾಕಿದ್ದು,” ಎಂದೆ. ಆಕೆ ಬಾಗಿಲಿಂದಾಚೆ ಹೋಗುವ ಮೊದಲೇ, “ಕಾನ್ವೆಂಟಿನ ಜಂಬ ನೋಡವ್ವಾ” ಎಂದಳು. ಇಷ್ಟು ವರ್ಷ ನಾನು ಹೆದರಿದ್ದ ಮಾತು ಅಷ್ಟೇ ಆಗಿತ್ತು.

ಮರುವರ್ಷ ನಾದಿನಿಗೆ ಬೇರೆ ಕಡೆಯಿಂದ ಬಂದರು. ಆ ಸಲ ಕೌದಿಯನ್ನು ಅವಳೇ ಹೊತ್ತು ತಂದು ನಡುಮನೆಯಲ್ಲಿ ಹರವಿದಳು. ಹುಡುಗನ ಅಜ್ಜಿ ಅದರ ಮೇಲೆ ಅಡ್ಡಾಗಿ, ಎಬ್ಬಿಸುವವರೆಗೂ ಏಳಲಿಲ್ಲ. ಸಂಬಂಧ ಕೂಡಿತು.

ಮದುವೆಗೆ ಮುಂಚೆ ಅವಳು ತನ್ನದೇ ಕೌದಿ ಹೊಲಿಯತೊಡಗಿದಾಗ ಓಣಿಯವರೆಲ್ಲ ಹಳೆಯ ಬಟ್ಟೆ ಕೊಟ್ಟರು. ನಾನು ಟ್ರಂಕಿನಿಂದ ಮೇಜುವಸ್ತ್ರ ತೆಗೆದು ಅವಳ ಮುಂದಿಟ್ಟೆ. ಕ್ಷಮೆ ಕೇಳುವ ಬೇರೆ ದಾರಿ ಗೊತ್ತಿರಲಿಲ್ಲ. ಅವಳು ಎತ್ತಿ ಮೂಸಿದಳು, ಮೂಗು ಮುರಿದಳು.

“ಬ್ಯಾಡ ವೈನಿ. ಎಣ್ಣಿ ನಾರತೈತಿ. ನಿನ್ನ ಹಳೇ ಸೀರಿ ಇದ್ರ ಕೊಡು.”

ದಿನವೂ ಅಡಿಗೆಮನೆಯಲ್ಲಿ ಉಟ್ಟು ಮಾಸಿದ ಸೀರೆಯೊಂದಿತ್ತು, ಕೊಟ್ಟೆ. ಮೇಜುವಸ್ತ್ರವನ್ನು ನಾಲ್ಕು ತುಂಡು ಮಾಡಿ ಕಂದೀಲಿನ ಗಾಜು ಒರೆಸಲು ಇಟ್ಟುಕೊಂಡೆ.