ಗೇಟಿನ ಹೊರಗೆ ನಿಂತ ಅಣ್ಣ

ನನ್ನಣ್ಣ ಹಿರಿಯೂರಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದಷ್ಟು ಕಾಲ ಒಳ್ಳೆಯ ಮನುಷ್ಯನೇ. ನಿವೃತ್ತನಾಗಿ ಕೈಗೊಂದು ದೊಡ್ಡ ಫೋನು ಬಂದ ಮೇಲೆ ನಮ್ಮ ಇಡೀ ಕ್ಯಾಥೊಲಿಕ್ ಧರ್ಮಸಭೆಯನ್ನು ಕಾಯುವ ಕೆಲಸ ಅವನ ತಲೆಗೆ ಬಿತ್ತು. ಬೆಳಗೆದ್ದರೆ ವಿಡಿಯೋ. ಲ್ಯಾಟಿನ್ ಪೂಜೆಯೇ ನಿಜವಾದ ಪೂಜೆಯಂತೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿಯನ್ನು ಮಂಡಿಯೂರಿ ನಾಲಿಗೆಯ ಮೇಲೇ ಪಡೆಯಬೇಕಂತೆ. ಲ್ಯಾಟಿನ್ನಿನ ಒಂದಕ್ಷರ ಅವನಿಗೆ ಬಾರದು, ನಮ್ಮ ವಂಶದಲ್ಲಿ ಯಾರಿಗೂ ಬಂದಿಲ್ಲ.

ಜನವರಿಯಲ್ಲಿ ಎಲ್ಲ ಪಂಗಡದ ಕ್ರೈಸ್ತರೂ ಸೇರಿ ಐಕ್ಯತೆಗಾಗಿ ಪ್ರಾರ್ಥಿಸುವ ವಾರವೊಂದು ಬರುತ್ತದೆ. ಆ ವಾರ ಅವನ ಜೊತೆ ಮಾತಾಡುವುದೇ ಕಷ್ಟ. “ಧರ್ಮಸಭೆ ಬಿಟ್ಟು ಹೋದೋರು ವಾಪಸ್ ಬರ್ಲಿ, ಅದೇ ಐಕ್ಯತೆ. ನಾವ್ಯಾಕೆ ಅವರ ಬಾಗಿಲಿಗೆ ಹೋಗಾಣ?” ಅನ್ನುತ್ತಿದ್ದ.

ತೊಂದರೆ ಏನೆಂದರೆ, ಹಾಗೆ ಬಿಟ್ಟು ಹೋದವರಲ್ಲಿ ನಮ್ಮಕ್ಕನೂ ಒಬ್ಬಳು. ಹೊಳಲ್ಕೆರೆಯ ಪ್ರೊಟೆಸ್ಟೆಂಟ್ ಮನೆಗೆ ಸೊಸೆಯಾಗಿ ಹೋದವಳು ಅವರ ಚರ್ಚಿಗೇ ನಡೆದುಕೊಂಡಳು. ಅವಳ ಮದುವೆಯ ದಿನ ಅದೇ ಚರ್ಚಿನೊಳಗೆ ಹೂವಿನ ತಟ್ಟೆ ಹಿಡಿದು ಮುಂದೆ ನಡೆದವನು ಈ ಅಣ್ಣನೇ. ಅದನ್ನು ನೆನಪಿಸಿದರೆ ಆಗ ತಿಳಿವಳಿಕೆ ಇರಲಿಲ್ಲ ಅನ್ನುತ್ತಾನೆ. ಈಗ ಎಷ್ಟಿದೆಯೋ ನನಗಂತೂ ಕಾಣೆ.

ಅಕ್ಕನ ಮನೆಯಲ್ಲಿ ಊಟಕ್ಕೆ ಮುಂಚೆ ಎಲ್ಲರೂ ತಲೆ ತಗ್ಗಿಸಿದರೆ ಇವನು ಕೈ ತೊಳೆಯಲು ಎದ್ದು ಹೋಗುತ್ತಿದ್ದ. ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದ. ಪರಲೋಕದ ತಂದೆಗೆ ಮಾಡುವ ಪ್ರಾರ್ಥನೆ ಅವರದೂ ನಮ್ಮದೂ ಒಂದೇ. ನಾವು ನಿಲ್ಲಿಸುವ ಜಾಗದಲ್ಲಿ ಅವರು ನಿಲ್ಲಿಸದೆ, ದೇವರ ರಾಜ್ಯವನ್ನೂ ಮಹಿಮೆಯನ್ನೂ ಹೊಗಳುವ ಇನ್ನೊಂದು ಸಾಲು ಹೇಳುತ್ತಾರೆ, ಅಷ್ಟೇ. ಆ ಒಂದು ಸಾಲಿಗೆ ಅಣ್ಣನ ಮುಖ ಹುಳ್ಳಗಾಗುತ್ತಿತ್ತು. ನಮ್ಮ ಪೂಜೆಯಲ್ಲೂ ಸ್ವಲ್ಪ ಹೊತ್ತಿನ ಮೇಲೆ ಅದೇ ಮಾತು ಬರುತ್ತದಲ್ಲ ಅಂದೆ. ಅದು ಆಮೇಲೆ ಸೇರಿಸಿದ್ದು ಅಂದ. ನಾನು ಕೈಮುಗಿದೆ.

ಕಳೆದ ವರ್ಷ ಅಕ್ಕನ ಮೂತ್ರಪಿಂಡ ಕೈಕೊಟ್ಟಿತು. ಇನ್ನು ಹೆಚ್ಚು ದಿನ ಇಲ್ಲ ಅಂತ ಅವಳಿಗೇ ಗೊತ್ತಿತ್ತು. ನಮ್ಮ ಕಡೆ ಹೆಣ್ಣುಮಗಳು ತೀರಿಕೊಂಡರೆ ತವರಿನ ಸೀರೆಯನ್ನು ಒಡಹುಟ್ಟಿದ ಗಂಡು ತಂದು ಹೊದಿಸಬೇಕು. ಕ್ರೈಸ್ತರಾದ ಮೇಲೂ ಅದನ್ನು ನಾವ್ಯಾರೂ ಬಿಟ್ಟಿಲ್ಲ. ಅಕ್ಕ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: “ಲೇ ತಮ್ಮ, ಸೀರೆ ನೀನೇ ಹೊದಿಸ್ಬೇಕು. ಚರ್ಚಿನೊಳಗೆ ಬಂದು.”

ಇವನು ಹಿಂದಿರುಗುವಾಗ ಬಸ್ಸಿನಲ್ಲಿ ಉದ್ದಕ್ಕೂ ನನ್ನ ತಲೆ ತಿಂದ. ಹಳೆಯ ನಿಯಮದ ಪ್ರಕಾರ ಅವರ ಸಾವಿಗೆ ಹೋಗಿ ಗೌರವಕ್ಕೆ ಸುಮ್ಮನೆ ನಿಲ್ಲಬಹುದಂತೆ, ಆದರೆ ಅವರ ಆರಾಧನೆಯಲ್ಲಿ ಸೇರಬಾರದಂತೆ. ಸೀರೆ ಹೊದಿಸುವುದು ನಿಲ್ಲುವುದೋ ಸೇರುವುದೋ? ನಮ್ಮ ಫಾದರನ್ನು ಕೇಳಿದ. ಒಳಗೆ ಹೋಗು, ಚೆನ್ನಾಗಿ ಪ್ರಾರ್ಥಿಸು ಅಂದರು ಅವರು. ಫಾದರೂ ಕೆಟ್ಟುಹೋಗಿದ್ದಾರೆಂದು ತೀರ್ಮಾನಿಸಿದ.

ಕೊನೆಗೆ ವಿಷಯವನ್ನು ಅಕ್ಕನಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೇ ಬಂತು. ಅವಳು ನಕ್ಕಳು. ನಗುವುದಕ್ಕೂ ಶಕ್ತಿ ಇರಲಿಲ್ಲ. “ಬರ್ದಿದ್ರೆ ಬಿಡು. ನನ್ನನ್ನೇ ಹೊರಗೆ ತರ್ತಾರೆ. ಅವನ್ನ ಮಾತ್ರ ಬಿಸ್ಲಾಗೆ ಕಾಯಿಸ್ಬ್ಯಾಡ್ರಿ.”

ಅಕ್ಕ ಹೋದಳು. ಚಿತ್ರದುರ್ಗದ ಅಂಗಡಿಯಲ್ಲಿ ನಾನೇ ಆರಿಸಿ ತಂದ ಹಸಿರಂಚಿನ ಸೀರೆಯನ್ನು ಎದೆಗವಚಿಕೊಂಡು ಅಣ್ಣ ಚರ್ಚಿನ ಗೇಟಿನ ಹೊರಗೆ ನಿಂತ. ಒಳಗೆ ಹಾಡು ಶುರುವಾಗಿತ್ತು. ಅಕ್ಕನ ಗಂಡನ ಮನೆಯವರೆಲ್ಲ ಇವನನ್ನು ನೋಡಿಕೊಂಡೇ ಒಳಗೆ ಹೋದರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊರಗೆ ಬಂದು ಬಾಯಿಗೆ ಬಂದಂತೆ ಬೈದೆ. ಇವನು ಸೀರೆಯ ಮಡಿಕೆ ನೋಡುತ್ತಾ ನಿಂತಿದ್ದ.

“ಒಳಗೆ ಬಂದ್ರೆ ಅವಳು ಬಿಟ್ಟು ಹೋಗಿದ್ದು ಸರಿ ಅಂತ ಒಪ್ಕಂಡಂಗೆ. ಆಮ್ಯಾಕೆ ದೇವರ ಮುಂದೆ ಅವಳಿಗೋಸ್ಕರ ಏನಂತ ಬೇಡ್ಕಳ್ಲಿ?”

ಆಗ ಅವನ ಕಣ್ಣು ನೋಡಿದೆ. ಅತ್ತು ಕೆಂಪಾಗಿದ್ದವು. ಈ ಪುಣ್ಯಾತ್ಮ ನಿಜವಾಗಿಯೂ ಹೆದರಿದ್ದ. ಧರ್ಮಸಭೆಯ ಹೊರಗಿದ್ದ ಅಕ್ಕನಿಗೆ ಸ್ವರ್ಗ ತಪ್ಪಿತೇನೋ ಎಂಬ ಭಯ ಅವನನ್ನು ತಿನ್ನುತ್ತಿತ್ತು. ಅದು ತಿಳಿದು ನನ್ನ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ, ಇನ್ನಷ್ಟು ಏರಿತು. ಅಕ್ಕನಂಥ ಅಕ್ಕನನ್ನು ಎಲ್ಲಿಡಬೇಕೆಂದು ದೇವರಿಗೆ ಗೊತ್ತಿಲ್ಲವೇ, ಇವನು ಹೇಳಿಕೊಡಬೇಕೇ?

ಆರಾಧನೆ ಮುಗಿಯಿತು. ಪೆಟ್ಟಿಗೆ ಹೊರಗೆ ಬಂತು. ಹೊತ್ತವರು ನೇರವಾಗಿ ಗಾಡಿಯ ಕಡೆ ಹೋಗದೆ ಗೇಟಿನಾಚೆ, ಅಣ್ಣನ ಕಾಲ ಬುಡದಲ್ಲಿ, ರಸ್ತೆಯ ಮಣ್ಣಿನ ಮೇಲೇ ಇಳಿಸಿದರು. ಪಾಸ್ಟರ್ ಪುಸ್ತಕ ಮುಚ್ಚಿ ಕಂಕುಳಿಗಿಟ್ಟುಕೊಂಡು, “ತವರಿನೋರು ಹೊದಿಸ್ರಿ. ಪ್ರಾರ್ಥನೇನೂ ನೀವೇ ಹೇಳ್ರಿ” ಅಂದರು.

ಅಣ್ಣ ಬಗ್ಗಿ ಸೀರೆ ಹೊದಿಸಿದ. ಅಂಚು ಸರಿಮಾಡಿದ. ಶಿಲುಬೆ ಗುರುತು ಹಾಕಿಕೊಂಡು ಪರಲೋಕದ ತಂದೆಯ ಪ್ರಾರ್ಥನೆ ಶುರು ಮಾಡಿದ. ಎರಡನೆಯ ಮಾತಿಗೇ ತಪ್ಪಿ, ಮತ್ತೆ ಮೊದಲಿನಿಂದ ಹಿಡಿದ. ಸುತ್ತ ನಿಂತ ಅಕ್ಕನ ಚರ್ಚಿನವರು ದನಿ ಸೇರಿಸಿ ಎತ್ತಿಕೊಂಡರು. ಇವನೂ ಜೊತೆಗೆ ಹೇಳಿದ. ನಾವು ನಿಲ್ಲಿಸುವ ಜಾಗ ಬಂತು. ಇವನು ತುಟಿ ಬಿಗಿದುಕೊಂಡು ಅವರ ಆ ಇನ್ನೊಂದು ಸಾಲಿಗೆ ಕಾದ. ಅದು ಬರಲಿಲ್ಲ. ಅಷ್ಟು ಜನರೂ ಅವನು ನಿಲ್ಲಿಸಿದಲ್ಲೇ ನಿಲ್ಲಿಸಿದರು.

ಮಣ್ಣು ಮುಗಿಸಿಕೊಂಡು ಬಸ್ಸು ಹತ್ತಿದೆವು. ಬೈಯಲು ನನ್ನಲ್ಲಿ ಇನ್ನೂ ಬೇಕಾದಷ್ಟಿತ್ತು, ಆದರೆ ಅವನು ಕಿಟಕಿಗೆ ಮುಖ ತಿರುಗಿಸಿ ಕುಳಿತಿದ್ದ. ದುರ್ಗ ಹತ್ತಿರ ಬರುವಾಗ, ಯಾರೋ ಅನ್ಯಾಯ ಮಾಡಿದ್ದಾರೆ ಎನ್ನುವ ದನಿಯಲ್ಲಿ ಹೇಳಿದ:

“ಅವ್ರು ಪೂರ್ತಿ ಹೇಳ್ಬೇಕಿತ್ತು. ಅಕ್ಕ ಪೂರ್ತಿ ಹೇಳ್ತಿದ್ಲು.”