ದೊಡ್ಡಮ್ಮ ನೋಡದ ಸೂರ್ಯ

ಮೇ ತಿಂಗಳಿಡೀ ದೊಡ್ಡಮ್ಮನ ಅಂಗೈ ಮುರುಗಲ ಹಣ್ಣಿನ ರಸ ಹಿಡಿದು ಕಡುಗೆಂಪಾಗಿರುತ್ತಿತ್ತು. ಉಗುರಿನ ಸಂದಿಯ ಕೆಂಪು ಮಳೆ ಶುರುವಾದ ಮೇಲೂ ಹೋಗುತ್ತಿರಲಿಲ್ಲ. ಅಂಕೋಲೆಯ ಮನೆಯಂಗಳದಲ್ಲಿ ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಚಾಪೆಯ ಮೇಲೆ ಹರವಿ, ಬಿಸಿಲು ಸರಿದ ಹಾಗೆ ಚಾಪೆಯನ್ನೂ ಎಳೆಯುತ್ತ ಹೋಗುವಳು. ಆದರೆ ಹೊತ್ತು ನೋಡಲು ತಲೆ ಎತ್ತುತ್ತಿರಲಿಲ್ಲ. ನೆರಳು ನೋಡಿಯೇ ಹೇಳುತ್ತಿದ್ದಳು. ಯಾರು ಏನೇ ಕಷ್ಟ ಹೇಳಿಕೊಂಡು ಬಂದರೂ ಅವಳ ಮಾತು ಒಂದೇ: “ಆದ್ದು ಆತು. ಅನ್ನ ಹಾಕ್ಕ.”

ಅವಳ ಒಬ್ಬಳೇ ಮಗಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕನ ಮೂಗಿನಿಂದ ಮೇಲ್ದುಟಿಗೆ ಇಳಿದ ಒಂದು ಸಣ್ಣ ಗೆರೆಯಿತ್ತು. ಹುಟ್ಟುವಾಗ ತುಟಿ ಸೀಳಿತ್ತು, ಆಮೇಲೆ ಹೊಲಿಸಿದ್ದರು. ಆ ಗೆರೆಯ ಹಿಂದಿನ ಕಥೆಯನ್ನು ದೊಡ್ಡಮ್ಮ ಎಂದೂ ನನಗೆ ಹೇಳಿದವಳಲ್ಲ. ಉಳಿದವರೆಲ್ಲ ಹೇಳಿದ್ದರು.

ಎಂಬತ್ತರ ಫೆಬ್ರವರಿಯಲ್ಲಿ ನಮ್ಮ ಕಡೆ ಖಗ್ರಾಸ ಸೂರ್ಯಗ್ರಹಣ ಬಂತು. ಎಲ್ಲೆಲ್ಲಿಯದೋ ವಿಜ್ಞಾನಿಗಳು ಅಂಕೋಲೆಗೆ ಬಂದು ದುರ್ಬೀನು ನೆಟ್ಟರು. ದೊಡ್ಡಮ್ಮ ಆಗ ಐದು ತಿಂಗಳ ಬಸುರಿ. ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಅವಳನ್ನು ಭತ್ತದ ಕೋಣೆಯೊಳಗೆ ಮಲಗಿಸಿ, ಕಿಂಡಿಗೆ ಗೋಣಿಚೀಲ ತುರುಕಿ, ಹೊರಗಿನಿಂದ ಚಿಲಕ ಹಾಕಿದಳು. ಹಗಲು ಕಪ್ಪಾಗಿ ನಕ್ಷತ್ರ ಮೂಡಿದಾಗ ಹೊರಗಿದ್ದವರು ಕೂಗಿದ ಕೂಗು ಮಾತ್ರ ದೊಡ್ಡಮ್ಮನಿಗೆ ಕೇಳಿತು. ಜೂನ್‌ನಲ್ಲಿ ಅಕ್ಕ ಸೀಳುತುಟಿಯೊಂದಿಗೆ ಹುಟ್ಟಿದಳು. ಅಜ್ಜಿ ಮಗುವನ್ನು ನೋಡಿ, “ಚೀಲ ಸರ್ಸಿ ಕದ್ದು ನೋಡೀದೆ ನೀನು” ಎಂದಳು. ಅಜ್ಜಿ ತೀರಿಕೊಂಡಳು, ಆ ಮಾತು ತೀರಲಿಲ್ಲ. ಅಕ್ಕನಿಗೆ ಗಂಡು ನೋಡಲು ಬಂದವರ ಮುಂದೆಯೂ ಅದು ಮೊದಲೇ ಬಂದು ಕೂತಿರುತ್ತಿತ್ತು.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ಒಮ್ಮೆ ರಜೆಗೆ ಕಾರವಾರದ ನಮ್ಮ ಮನೆಗೆ ಬರುವಾಗ ಒಂದು ಸಿ.ಡಿ. ತಂದಿದ್ದೆ. ಬಾಹ್ಯಾಕಾಶ ನೌಕೆಗಳು ಕಳಿಸಿದ ಚಿತ್ರಗಳನ್ನು ವಿಭಾಗದ ಕಂಪ್ಯೂಟರಿನಿಂದ ಇಳಿಸಿಕೊಂಡಿದ್ದೆ. ಮಂಡಿನೋವಿಗೆ ಡಾಕ್ಟರನ್ನು ಕಾಣಲು ಬಂದಿದ್ದ ದೊಡ್ಡಮ್ಮ ನಮ್ಮಲ್ಲೇ ಉಳಿದಿದ್ದಳು. ಊಟವಾದ ಮೇಲೆ ನನ್ನ ಹಿಂದೆ ಬಂದು ನಿಂತಳು.

“ಎಂತದೇ ಇದು, ಕೊಳೆತ ಕಿತ್ತಳೆಹಣ್ಣು?”

“ಗುರುಗ್ರಹದ ಒಂದು ಚಂದ್ರ, ದೊಡ್ಡಮ್ಮ. ಆ ಕಲೆಯೆಲ್ಲ ಜ್ವಾಲಾಮುಖಿ.”

“ಒಂದು ಅಂದ್ರೆ? ಇನ್ನೂ ಅವೆಯೇನೇ?”

“ಅರವತ್ತಕ್ಕೂ ಹೆಚ್ಚು.”

“ಅಯ್ಯೋ, ಅಲ್ಲಿ ಅಮಾಸೆ ಹೆಂಗೆ ಲೆಕ್ಕ ಮಾಡೂದು!”

ನಗುತ್ತ ಸ್ಟೂಲು ಎಳೆದುಕೊಂಡು ಕೂತಳು. ಮಂಗಳನ ನೆಲ ಬಂತು. ಕೆಂಪು ಮಣ್ಣು, ಚೆದುರಿದ ಕಲ್ಲು, ಅಲ್ಲಿಗೆ ಕಳಿಸಿದ ಯಂತ್ರಬಂಡಿಯ ಗಾಲಿಯ ಗುರುತು. “ಸುಂಕಸಾಳದ ಹತ್ರ ರಸ್ತೆ ಅಗೆದಾಗ ಹಿಂಗೇ ಇತ್ತು. ಜನ ಎಲ್ಲಿ?” ಎಂದಳು. ಯಾರೂ ಇಲ್ಲ ಎಂದೆ. “ಯಾರೂ ಇಲ್ದೇ ಇಷ್ಟ್ ಕಾಲ ಹಿಂಗೇ ಬಿದ್ಕಂಡದೆ?” ಈ ಸಲ ದನಿ ತಗ್ಗಿತ್ತು. ಶನಿಯ ಬಳೆಗಳ ನೆರಳು ಶನಿಯ ಮೈಮೇಲೇ ಬಿದ್ದ ಚಿತ್ರ ಬಂದಾಗ ಎದೆಯ ಮೇಲೆ ಕೈ ಇಟ್ಟುಕೊಂಡಳು.

ಕೊನೆಯಲ್ಲಿ ಸೂರ್ಯ. ಒಂದು ಚಿತ್ರದಲ್ಲಿ ಕುದಿಯುವ ಬೆಲ್ಲದಂಥ ಮೈ, ಅಂಚಿನಿಂದ ಎದ್ದು ನಿಂತ ಬೆಂಕಿಯ ಕಮಾನು. ಆ ಕಮಾನಿನ ಕೆಳಗೆ ನಮ್ಮ ಭೂಮಿಯಂಥವು ಹಲವು ಹಿಡಿಸುತ್ತವೆ ಎಂದು ಹೇಳುವಾಗ ನನಗೇ ಅದು ನಂಬಿಕೆಯಾಗದಂತಿತ್ತು. ಮುಂದಿನದು ಬೇರೆ ಬಗೆಯದು. ನಡುವೆ ಕಪ್ಪು ಬಿಲ್ಲೆ, ಸುತ್ತ ಎಲ್ಲ ದಿಕ್ಕಿಗೂ ಚಾಚಿದ ಬಿಳಿ ಬೆಳಕಿನ ಎಸಳುಗಳು.

“ನೌಕೆಯಲ್ಲೇ ಒಂದು ಬಿಲ್ಲೆ ಅಡ್ಡ ಇಟ್ಟು ಸೂರ್ಯನ್ನ ಮುಚ್ತಾರೆ. ಮುಚ್ಚಿದ್ರೇ ಈ ಬೆಳಕು ಕಾಣೂದು.”

“ಅಂದ್ರೆ ಗ್ರಹಣ.”

“ಹ್ಞಾಂ. ಅಲ್ಲಿ ದಿನಾ ಗ್ರಹಣ.”

ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಆಮೇಲೆ ಕೇಳಿದಳು: “ಅವತ್ತು ಅಂಗಳದಲ್ಲಿ ನಿಂತವ್ರಿಗೆ ಇದು ಕಂಡಿತ್ತೇನೇ?”

“ಇದಕ್ಕಿಂತ ಚೆನ್ನಾಗಿ. ಬರಿಗಣ್ಣಿಗೇ.”

ಪರದೆಯ ಹತ್ತಿರಕ್ಕೆ ಮುಖ ತಂದಳು. ಅವಳ ಕನ್ನಡಕದ ಎರಡೂ ಗಾಜಿನಲ್ಲಿ ಆ ಎಸಳುಗಳು ಕಂಡವು. “ಇಪ್ಪತ್ತೈದು ವರ್ಷದಿಂದ ನಾ ಕದ್ದು ನೋಡೀದೆ ಅಂತ ಹೇಳ್ತಾ ಬಂದದ್ದು ಇದನ್ನಾ?” ಎಂದಳು. “ಇಷ್ಟ್ ಚಂದ ಅಂತ ಗೊತ್ತಿದ್ರೆ ನೋಡೇ ಬಿಡ್ತಿದ್ದೆ, ತಂಗೀ.”

ಆ ಸಂಜೆ ಅವಳಿಗೆ ನನಗೆ ತಿಳಿದದ್ದನ್ನು ಹೇಳಿದೆ. ತುಟಿ ಕೂಡುವುದು ಗರ್ಭದ ಎರಡನೇ ತಿಂಗಳಲ್ಲೇ. ಗ್ರಹಣ ಬರುವ ಹೊತ್ತಿಗೆ ಅಕ್ಕನ ತುಟಿಯ ಸಂಗತಿ ಮುಗಿದುಹೋಗಿತ್ತು. ಕೆಲವು ಮನೆತನಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವುದೂ ಉಂಟು. “ನಿನ್ನ ಪುಸ್ತಕ ನಾ ನಂಬ್ತೆ. ಕೇರಿ ನಂಬೂದಿಲ್ಲ” ಎಂದಳು.

ಅಕ್ಕನಿಗೆ ತಡವಾಗಿ ಮದುವೆಯಾಯಿತು, ಅಮದಳ್ಳಿಗೆ ಕೊಟ್ಟರು. ೨೦೦೯ರ ಜುಲೈನಲ್ಲಿ ಮತ್ತೆ ಗ್ರಹಣ. ನಮ್ಮಲ್ಲಿ ಪಾರ್ಶ್ವ, ಬೆಳಗಿನ ಹೊತ್ತು. ಅಕ್ಕ ಬಸುರಿ, ತವರಿಗೆ ಬಂದಿದ್ದಳು. ನಾನೂ ಅಲ್ಲಿದ್ದೆ. ಅವಳ ಅತ್ತೆ ಹಿಂದಿನ ದಿನವೇ ಫೋನು ಮಾಡಿ, ಕೋಣೆಯಿಂದ ಹೊರಗೆ ಬಿಡಬೇಡಿ ಎಂದರು. ದೊಡ್ಡಮ್ಮ ಫೋನು ಇಟ್ಟು ನಮ್ಮ ಕಡೆ ತಿರುಗಿದಳು.

“ನಾಳೆ ಇವಳನ್ನ ಜಗಲಿಲಿ ಕೂರ್ಸ್ತೆ. ಎಲ್ಲಾರೂ ಕಾಣ್ಲಿ.”

ಅಕ್ಕ ಹೆದರಿದಳು. “ಬೇಡ ಆಯೀ. ಮಗೂಗೆ ಏನಾದ್ರೂ ಇದ್ರೆ ಆಮೇಲೆ?”

“ಅದ್ಕೇ ಹೇಳೂದು. ನಾ ಒಳಗಿದ್ದೆ, ಆದ್ರೂ ನೋಡೀದೆ ಅಂದ್ರು. ನಿನ್ನ ಒಳಗಿಟ್ರೂ ಹಂಗೇ ಅಂತಾರೆ. ಹೊರಗೆ ಕೂರ್ಸದ್ದು ನಾನು ಅಂತ ಊರಿಗೆಲ್ಲ ಗೊತ್ತಿರ್ಲಿ. ಬಯ್ಯೂದಿದ್ರೆ ನಂಗೆ ಬಯ್ತಾರೆ.”

ಬೆಳಿಗ್ಗೆ ಜಡಿಮಳೆ. ಅಕ್ಕನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ ದೊಡ್ಡಮ್ಮ ಪಕ್ಕದಲ್ಲಿ ನೆಲಕ್ಕೆ ಕೂತಳು. ಎದುರುಮನೆಯವಳು ಬಾಗಿಲ ಸಂದಿಯಿಂದ ಕೂಗಿದಳು: “ಬಸ್ರಿ ಹುಡ್ಗೀನ ಹೊರಗೆ ಕೂರ್ಸೀಯಲ್ಲೇ, ತಲೆ ಸಮ ಅದೆಯೇನೇ ನಿಂಗೆ?”

“ನಾನೇ ಕೂರ್ಸದ್ದು! ನೆನಪಿಟ್ಕ, ನಾನೇ!” ದೊಡ್ಡಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಸೂರ್ಯ ಕಾಣಲೇ ಇಲ್ಲ. ಏರಬೇಕಾದ ಬೆಳಕು ಏರದೆ ನಿಂತಿತು, ಸ್ವಲ್ಪ ಹಿಂದಕ್ಕೂ ಸರಿಯಿತು. ಗದ್ದೆಯ ಕಪ್ಪೆಗಳು ಇನ್ನೂ ರಾತ್ರಿಯೆಂಬಂತೆ ವಟಗುಟ್ಟುತ್ತಲೇ ಇದ್ದವು. ಮೋಡದಾಚೆ ಅಷ್ಟು ದೊಡ್ಡ ಸಂಗತಿಯೊಂದು ಸದ್ದಿಲ್ಲದೆ ನಡೆಯುತ್ತಿತ್ತು. ನಾನು ಮಾತ್ರ ಆಕಾಶ ಬಿಟ್ಟು ದೊಡ್ಡಮ್ಮನನ್ನೇ ನೋಡುತ್ತಿದ್ದೆ. ಮಗಳ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಒತ್ತುತ್ತಿದ್ದಳು.

ನವೆಂಬರಿನಲ್ಲಿ ಗಂಡುಮಗು ಹುಟ್ಟಿತು. ತುಟಿ ಸೀಳಿತ್ತು.

ಆಸ್ಪತ್ರೆಯಲ್ಲಿ ಅಕ್ಕನ ಅತ್ತೆ ಮಗುವಿನ ಮುಖದ ಬಟ್ಟೆ ಸರಿಸಿ ನೋಡಿದರು, ಸೊಸೆಯ ಕಡೆ ತಿರುಗಿದರು. ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ನಡುವೆ ಬಂದು ನಿಂತಳು. “ಅವಳು ಬೇಡ ಅಂದಿದ್ದಳು. ಹೊರಗೆ ಕೂರ್ಸದ್ದು ನಾನು. ಊರಿಗೆಲ್ಲ ಗೊತ್ತದೆ, ಕೇಳಿ.”

ಅವರು ದೊಡ್ಡಮ್ಮನನ್ನು ಬೈದರು, ವಾರ್ಡಿನವರೆಲ್ಲ ಕೇಳುವ ಹಾಗೆ. ತಪ್ಪು ಯಾರದೂ ಅಲ್ಲವೆಂದು ನಾನು ಹೇಳಹೊರಟೆ. ದೊಡ್ಡಮ್ಮ ಕಣ್ಣಲ್ಲೇ ನನ್ನನ್ನು ತಡೆದಳು. ತಲೆ ಬಗ್ಗಿಸದೆ, ಎದುರಾಡದೆ, ಮಾತು ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಂಡಳು. ಹಿಂದೆ ಮಂಚದ ಮೇಲೆ ಅಕ್ಕ ಮಗುವಿಗೆ ಚಮಚದಲ್ಲಿ ಹಾಲು ಹನಿಸುತ್ತಿದ್ದಳು.

ಮಗುವಿನ ತುಟಿ ಹೊಲಿಸಿದರು, ಚೆನ್ನಾಗಿ ಕೂಡಿತು. ನಾನು ಕೊನೆಯ ಸಲ ನೋಡಲು ಹೋದಾಗ ದೊಡ್ಡಮ್ಮ ಹಾಸಿಗೆ ಹಿಡಿದಿದ್ದಳು. “ಎರಡು ಗ್ರಹಣ ನನ್ನ ತಲೆ ಮೇಲೆ ಅವೆ, ತಂಗೀ. ಒಂದೂ ಕಂಡಿಲ್ಲ ನೋಡು!” ಎಂದು ಕೆಮ್ಮು ಬರುವಷ್ಟು ನಕ್ಕಳು.

ಅಮದಳ್ಳಿಯಲ್ಲಿ ಆ ಹುಡುಗನ ತುಟಿಯ ಮಾತು ಬಂದರೆ ಈಗಲೂ ದೊಡ್ಡಮ್ಮನನ್ನೇ ದೂರುತ್ತಾರೆ. ಅಕ್ಕನಿಗೆ ಇದುವರೆಗೆ ಯಾರೂ ಒಂದು ಮಾತು ಅಂದಿಲ್ಲ.